ಓವನ್‌ನಲ್ಲಿ ಜಪಾನಿ ಹಂದಿಮಾಂಸ: ಮಿಸೊ, ಶಿಯೊ ಕೋಜಿ ಮತ್ತು ಸೋಯಾ–ಶುಂಠಿಯ ಹೋಲಿಕೆ

ಜಪಾನಿನ ಮನೆಗಳಲ್ಲಿ ಹಂದಿಮಾಂಸವನ್ನು ಬೇಯಿಸುವ ಮುನ್ನ ನೆನೆಸಿಡಲು ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನಗಳು ಮೂರು. ಸೋಯಾ ಸಾಸ್, ಮಿರಿನ್ (ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ), ಸಾಕೆ (ಅಕ್ಕಿ ಮದ್ಯ) ಮತ್ತು ತುರಿದ ಶುಂಠಿ ಸೇರಿದ ತೆಳು ದ್ರವ ಒಂದು. ಸೋಯಾಬೀನನ್ನು ಉಪ್ಪು ಮತ್ತು ಕೋಜಿಯೊಂದಿಗೆ, ಅಂದರೆ ಬೂಷ್ಟು ಬೆಳೆಸಿದ ಧಾನ್ಯದೊಂದಿಗೆ, ಹುದುಗಿಸಿದ ಮಿಸೊ ಇನ್ನೊಂದು. ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ ಕೋಜಿ ಬೂಷ್ಟನ್ನು ಬೆಳೆಸಿ, ಅದನ್ನು ಉಪ್ಪುನೀರಿನಲ್ಲಿ ಒಂದು ವಾರದಷ್ಟು ಕಾಲ ಮಾಗಿಸಿದ ಶಿಯೊ ಕೋಜಿ ಮೂರನೆಯದು. ಇವುಗಳು ಬಾಣಲೆಯನ್ನೋ, ಕೆಂಡದ ಮೇಲಿನ ಜಾಲರಿಯನ್ನೋ, ಗ್ಯಾಸ್ ಒಲೆಯೊಳಗೇ ಇರುವ ಮೀನು ಸುಡುವ ಪುಟ್ಟ ಗ್ರಿಲ್ಲನ್ನೋ ನಂಬಿ ರೂಢಿಯಾದವು; ಓವನ್ ಇಲ್ಲಿನ ಅಡುಗೆಮನೆಗೆ ಬಂದದ್ದು ಬಹಳ ತಡವಾಗಿ. ಆದ್ದರಿಂದ ಬಾಣಲೆಯಲ್ಲಿ ಗೆಲ್ಲುವ ವಿಧಾನವೇ ಓವನ್‌ನಲ್ಲೂ ಗೆಲ್ಲುತ್ತದೆ ಎಂದು ನಂಬುವಂತಿಲ್ಲ. ಜಪಾನಿನ ಕಾನಗಾವಾ ಪ್ರಾಂತ್ಯದ ನನ್ನ ಮನೆಯಲ್ಲಿ ಈ ಮೂರನ್ನೂ ಒಂದೇ ಬಗೆಯ ಮಾಂಸದ ಮೇಲೆ, ಒಂದೇ ಓವನ್‌ನಲ್ಲಿ ಮಾಡಿ ನೋಡಿದ ಮೇಲೆ ನನಗೆ ಖಚಿತವಾದದ್ದೆಂದರೆ, ಓವನ್‌ನ ಒಣ ಶಾಖಕ್ಕೆ ದ್ರವಕ್ಕಿಂತ ಮೆತ್ತುವಂಥ ಪದಾರ್ಥವೇ ಒಗ್ಗುತ್ತದೆ.

ಮಾಂಸದ ಆಯ್ಕೆಯ ಬಗ್ಗೆ ಮೊದಲು ಹೇಳಬೇಕು. ನಾನು ಮೂರಕ್ಕೂ ಬಳಸಿದ್ದು ಇಲ್ಲಿ ಕಾತಾ ರೋಸು ಎಂದು ಮಾರುವ, ಕುತ್ತಿಗೆಗೆ ಹತ್ತಿರದ ಭುಜದ ಭಾಗ. ಬೆನ್ನಿನ ರೋಸು ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಅದರ ಕೊಬ್ಬೆಲ್ಲ ಒಂದು ಅಂಚಿಗೆ ಪಟ್ಟಿಯಂತೆ ಅಂಟಿಕೊಂಡಿರುವುದರಿಂದ ಓವನ್‌ನಲ್ಲಿ ನಡುಭಾಗ ಒಣಗಿ ನಾರಾಗುತ್ತದೆ. ಕಾತಾ ರೋಸಿನಲ್ಲಾದರೋ ಕೊಬ್ಬು ಮಾಂಸದ ಎಳೆಗಳ ನಡುವೆಯೇ ಹರಡಿರುತ್ತದೆ, ಕೆಲವು ನಿಮಿಷ ಹೆಚ್ಚಾಗಿ ಬೆಂದರೂ ರಸ ಉಳಿಯುತ್ತದೆ. 2 ಸೆಂಟಿಮೀಟರ್ ದಪ್ಪದ ತುಂಡುಗಳಾದರೆ ನೆನೆಸುವ ಮುನ್ನವೇ ಮಾಡಬೇಕಾದ ಒಂದು ಕೆಲಸವಿದೆ. ಕೊಬ್ಬು ಮತ್ತು ಕೆಂಪು ಮಾಂಸ ಕೂಡುವ ಗೆರೆಯಲ್ಲಿ ಬೆಳ್ಳಗೆ ಹೊಳೆಯುವ ತೆಳುವಾದ ಪೊರೆಯೊಂದು ಓಡುತ್ತದೆ. ಚಾಕುವಿನ ತುದಿಯನ್ನು ನೇರವಾಗಿ ನಿಲ್ಲಿಸಿ, ಎರಡು ಬೆರಳಿನಷ್ಟು ಅಂತರಕ್ಕೊಂದರಂತೆ ಅದನ್ನು ಅಡ್ಡಕ್ಕೆ ಕತ್ತರಿಸುತ್ತ ಹೋಗಬೇಕು. ಹೀಗೆ ಮಾಡದಿದ್ದರೆ ಶಾಖಕ್ಕೆ ಆ ಪೊರೆ ಕುಗ್ಗಿ ತುಂಡು ಬಟ್ಟಲಿನಂತೆ ಮಡಚಿಕೊಳ್ಳುತ್ತದೆ, ಎದ್ದು ನಿಂತ ಅಂಚುಗಳು ಮೇಲಿನ ಶಾಖಕ್ಕೆ ಸಿಕ್ಕಿ ಕರಿಯಾಗುತ್ತವೆ, ನಡುಭಾಗ ಹಸಿಯಾಗಿಯೇ ಉಳಿಯುತ್ತದೆ.

ಸೋಯಾ–ಶುಂಠಿಯ ದ್ರವದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. 500 ಗ್ರಾಂ ಮಾಂಸಕ್ಕೆ 100 ಮಿಲಿ ಸೋಯಾ ಸಾಸ್, ಅಷ್ಟೇ ಮಿರಿನ್, ಅದರರ್ಧ ಸಾಕೆ ಮತ್ತು ಹೆಬ್ಬೆರಳಿನಷ್ಟು ಶುಂಠಿ ಹಾಕಿ ನೆನೆಸಿದರೆ ಬಾಣಲೆಯಲ್ಲಿ ಅದ್ಭುತವಾದ ಶೊಗಾಯಾಕಿ (ಶುಂಠಿ ಹಾಕಿ ಹುರಿದ ಹಂದಿಮಾಂಸ) ಆಗುತ್ತದೆ, ಏಕೆಂದರೆ ಅಲ್ಲಿ ದ್ರವ ನಮ್ಮ ಕಣ್ಣೆದುರೇ ಇಂಗಿ, ಮಾಂಸಕ್ಕೆ ಹೊಳಪಾಗಿ ಹತ್ತುತ್ತದೆ. ಓವನ್‌ನಲ್ಲಿ ಅದೇ ದ್ರವ ಮಾಂಸದಿಂದ ಇಳಿದು ಟ್ರೇಗೆ ಸೇರುತ್ತದೆ. ಮಿರಿನ್‌ನಲ್ಲಿ ಹೇರಳವಾದ ಸಕ್ಕರೆಯಿರುವುದರಿಂದ, 180 ಡಿಗ್ರಿ ಶಾಖದಲ್ಲಿ ಮಾಂಸಕ್ಕಿಂತ ಮೊದಲು ಟ್ರೇಯೇ ಕರಿಹಿಡಿದು, ಆ ಹೊಗೆಯ ಕಹಿ ಮಾಂಸಕ್ಕೂ ತಾಗುತ್ತದೆ. ಮಾಂಸವನ್ನು ಜಾಲರಿಯ ಮೇಲಿಟ್ಟು ಕೆಳಗಿನ ಟ್ರೇಗೆ ಸ್ವಲ್ಪ ನೀರು ಹಾಕಿದರೆ ಇದನ್ನು ತಪ್ಪಿಸಬಹುದು, ಆದರೆ ಆಗ ಓವನ್ ಹಬೆಯಿಂದ ತುಂಬಿಕೊಂಡು ಮೇಲ್ಮೈ ಕಂದುಬಣ್ಣಕ್ಕೆ ಬರುವುದೇ ಇಲ್ಲ. ಇನ್ನು ಶುಂಠಿಯಲ್ಲಿ ಮಾಂಸವನ್ನು ಮೃದುಗೊಳಿಸುವ ಕಿಣ್ವವಿದೆ. ಅರ್ಧ ಗಂಟೆಯಲ್ಲಿ ಅದರ ಉಪಕಾರ ಕಾಣಿಸುತ್ತದೆ, ರಾತ್ರಿಯಿಡೀ ಬಿಟ್ಟರೆ ಮಾಂಸದ ಹೊರಪದರ ಹಿಟ್ಟುಹಿಟ್ಟಾಗುತ್ತದೆ. ನೆನೆಸಿದ ದ್ರವವನ್ನು ಬೇರೆ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಗಟ್ಟಿ ಮಾಡಿ, ಬೆಂದ ಮಾಂಸದ ಮೇಲೆ ಕೊನೆಯಲ್ಲಿ ಸವರಿದರೆ ಒಳ್ಳೆಯ ರುಚಿಯೇನೋ ಬರುತ್ತದೆ. ಆದರೆ ಅಷ್ಟೆಲ್ಲ ಮಾಡುವುದಾದರೆ ಬಾಣಲೆಯನ್ನೇ ಇಡುವುದು ಲೇಸು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮಿಸೊ ಬೇರೆಯೇ ಲೋಕ. ನಾನಿರುವ ಕಾನಗಾವಾದಲ್ಲೇ ಆತ್ಸುಗಿ ಎಂಬ ಊರಿದೆ. ಮಿಸೊದಲ್ಲಿ ಹೂತಿಟ್ಟ ಹಂದಿಮಾಂಸದ ದಪ್ಪ ತುಂಡುಗಳು ಆ ಊರಿನ ಹೆಸರಾಂತ ಪದಾರ್ಥ, ಅದನ್ನು ತೊನ್‌ಜುಕೆ ಎಂದು ಕರೆಯುತ್ತಾರೆ. ಮನೆಯಲ್ಲಿ ಇದನ್ನು ಮಾಡಲು ಯಾವ ಮಿಸೊ ಎಂಬ ಪ್ರಶ್ನೆಯೇ ಮೊದಲು ಎದುರಾಗುತ್ತದೆ, ಮತ್ತು ಅದಕ್ಕೆ ಉತ್ತರ ಕೊಡುವುದು ಉಪ್ಪು ಮತ್ತು ಸಿಹಿಯ ಪ್ರಮಾಣ. ಕ್ಯೋಟೋದ ಬಿಳಿ ಸಾಯ್‌ಕ್ಯೊ ಮಿಸೊದಲ್ಲಿ ಉಪ್ಪು ಸುಮಾರು 5 ಶೇಕಡಾ ಮಾತ್ರ, ಅಕ್ಕಿಯ ಕೋಜಿ ಹೆಚ್ಚಾಗಿರುವುದರಿಂದ ಅದು ಸಿಹಿಯಾಗಿರುತ್ತದೆ. ನಾಗಾನೊ ಪ್ರಾಂತ್ಯದ ಹೊಂಬಣ್ಣದ ಶಿನ್‌ಶು ಮಿಸೊದಲ್ಲಿ ಉಪ್ಪು 12 ಶೇಕಡಾದ ಆಸುಪಾಸು. ಆಯ್ಚಿ ಪ್ರಾಂತ್ಯದ ಒಕಾಜಾಕಿಯ ಹಾಚ್ಚೊ ಮಿಸೊ ಅಕ್ಕಿಯಿಲ್ಲದೆ, ಸೋಯಾಬೀನ್‌ನಿಂದಷ್ಟೇ ತಯಾರಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾಗಿದ, ಕಪ್ಪಿಗೆ ತಿರುಗಿದ ಗಟ್ಟಿ ಮುದ್ದೆ. ಹಾಚ್ಚೊ ಸಾರಿಗೆ ಎಷ್ಟು ಗಂಭೀರವಾದ ರುಚಿ ಕೊಡುತ್ತದೆಯೋ ಓವನ್‌ನಲ್ಲಿ ಅಷ್ಟೇ ಕಹಿಯಾಗುತ್ತದೆ, ಆದ್ದರಿಂದ ಅದನ್ನು ಈ ಕೆಲಸಕ್ಕೆ ನಾನು ಸೂಚಿಸಲಾರೆ. ಸಾಯ್‌ಕ್ಯೊದಲ್ಲಿ ಮಾಂಸ ಎರಡು ಮೂರು ದಿನ ಆರಾಮವಾಗಿ ಕೂರಬಲ್ಲದು, ಆದರೆ ಅದರ ಸಿಹಿ ಬೇಗ ಸೀಯುವುದರಿಂದ ಶಾಖವನ್ನು 160 ಡಿಗ್ರಿಗೆ ಇಳಿಸಿ ಕಾಯಬೇಕಾಗುತ್ತದೆ. ನನಗೆ ಹಿಡಿಸಿದ್ದು ಶಿನ್‌ಶು: 500 ಗ್ರಾಂ ಮಾಂಸಕ್ಕೆ 120 ಗ್ರಾಂ ಮಿಸೊ, ಎರಡು ದೊಡ್ಡ ಚಮಚ ಮಿರಿನ್, ಒಂದು ಚಮಚ ಸಾಕೆ, ಒಂದು ಚಮಚ ಸಕ್ಕರೆ ಸೇರಿಸಿ ಕಲಸಿ, ಒಂದು ಹಗಲು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಸಾಕು. ಅದಕ್ಕೂ ಹೆಚ್ಚು ಬಿಟ್ಟರೆ ಉಪ್ಪು ಮಾಂಸದ ನೀರನ್ನು ಎಳೆದು, ತುಂಡು ಹ್ಯಾಮಿನಂತೆ ಬಿಗಿಯಾಗುತ್ತದೆ.

ಮಿಸೊವನ್ನು ನೇರವಾಗಿ ಮಾಂಸಕ್ಕೆ ಬಳಿಯುವುದಕ್ಕಿಂತ, ತೆಳುವಾದ ಹತ್ತಿ ಬಟ್ಟೆಯನ್ನು ನಡುವೆ ಇಡುವುದು ಇಲ್ಲಿನ ಹಳೆಯ ಪದ್ಧತಿ. ಡಬ್ಬಿಯ ತಳಕ್ಕೆ ಮಿಸೊ ಹರಡಿ, ಬಟ್ಟೆ ಹಾಸಿ, ಮಾಂಸವಿಟ್ಟು, ಬಟ್ಟೆಯನ್ನು ಅದರ ಮೇಲೆ ಮಡಚಿ, ಮತ್ತೆ ಮಿಸೊ ಮುಚ್ಚಬೇಕು. ಮರುದಿನ ಬಟ್ಟೆ ಬಿಚ್ಚಿದಾಗ ಮಾಂಸದ ಬಣ್ಣ ಗಾಢವಾಗಿ, ಒತ್ತಿದರೆ ಬೆರಳಿಗೆ ತುಸು ಪ್ರತಿರೋಧ ಕೊಡುವಂತಾಗಿರುತ್ತದೆ, ಮೇಲ್ಮೈಯಲ್ಲಿ ಮಿಸೊದ ಒಂದು ಕಣವೂ ಇರುವುದಿಲ್ಲ. ಇದರ ಲಾಭ ಓವನ್‌ನಲ್ಲಿ ತಿಳಿಯುತ್ತದೆ: ಸೀದುಹೋಗುವುದು ಮಾಂಸವಲ್ಲ, ಅದಕ್ಕೆ ಅಂಟಿದ ಮಿಸೊ. ಬಟ್ಟೆ ಇಲ್ಲದಿದ್ದರೆ ಬೆರಳಿನಿಂದ ಸವರಿ ತೆಗೆದು ಕಾಗದದಿಂದ ಒರೆಸಬಹುದು. ನೀರಿನಲ್ಲಿ ತೊಳೆದರೆ ಮಾತ್ರ ಪರಿಮಳವೂ ತೊಳೆದುಹೋಗುತ್ತದೆ. 180 ಡಿಗ್ರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ, ಜಾಲರಿಯ ಮೇಲೆ, ನಡುವೆ ಒಮ್ಮೆ ತಿರುವಿ ಹಾಕಿ ಬೇಯಿಸಿದ ತುಂಡಿನ ಅಂಚಿನ ಕೊಬ್ಬು ಗಾಜಿನಂತೆ ಪಾರದರ್ಶಕವಾಗಿ, ಅದರ ಮೇಲೆ ಅಲ್ಲಲ್ಲಿ ಕಂದು ಮಚ್ಚೆಗಳು ಏಳುತ್ತವೆ. ಆ ಕೊಬ್ಬಿನ ಭಾಗವೇ ಮೂರೂ ವಿಧಾನಗಳಲ್ಲಿ ನಾನು ತಿಂದ ಅತ್ಯುತ್ತಮ ತುತ್ತು.

ಶಿಯೊ ಕೋಜಿ ಹಳೆಯ ಪದಾರ್ಥವಾದರೂ ಜಪಾನಿನ ಮನೆಮನೆಗೆ ಮತ್ತೆ ಹೊಕ್ಕಿದ್ದು 2011–12ರ ಸುಮಾರಿಗೆ. ನೋಡಲು ಅರೆಬರೆ ಮಸೆದ ಗಂಜಿಯಂತಿರುವ ಇದರ ಬಲವಿರುವುದು ಆಸ್ಪರ್‌ಜಿಲಸ್ ಒರೈಜೆ ಎಂಬ ಬೂಷ್ಟು ಬಿಟ್ಟ ಕಿಣ್ವಗಳಲ್ಲಿ: ಕೆಲವು ಪ್ರೋಟೀನನ್ನು ಒಡೆದು ಮಾಂಸವನ್ನು ಮೃದುಗೊಳಿಸುತ್ತವೆ, ಕೆಲವು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಕೊಳ್ಳುವಾಗ ಪ್ಯಾಕೆಟ್ಟಿನ ಮೇಲಿನ ವಿವರ ಓದುವುದು ಒಳ್ಳೆಯದು, ಏಕೆಂದರೆ ಕಾಯಿಸಿ ಸಂಸ್ಕರಿಸಿದ ಸರಕಿನಲ್ಲಿ ರುಚಿ ಇದ್ದರೂ ಕಿಣ್ವಗಳ ಕೆಲಸ ನಿಂತಿರುತ್ತದೆ. ಇದರ ಅಳತೆ ಸುಲಭ: ಮಾಂಸದ ತೂಕದ ಹತ್ತನೇ ಒಂದು ಪಾಲು. 500 ಗ್ರಾಂ ಮಾಂಸಕ್ಕೆ 50 ಗ್ರಾಂ ಹಾಕಿದರೆ, ಉಪ್ಪು ಸುಮಾರು 13 ಶೇಕಡಾ ಎಂದಿಟ್ಟುಕೊಂಡು, ಮಾಂಸಕ್ಕೆ ಸೇರುವುದು ಆರೂವರೆ ಗ್ರಾಂ. ಅದು ಊಟಕ್ಕೆ ಸರಿಯಾದ ಉಪ್ಪು. ಮಿಸೊದ ಹಾಗೆ ಗಡಿಯಾರ ನೋಡುವ ಆತಂಕ ಇಲ್ಲಿಲ್ಲ.

ದಪ್ಪ ತುಂಡುಗಳಲ್ಲಿ ಶಿಯೊ ಕೋಜಿ ಮಿಸೊಗೆ ಸೋಲುತ್ತದೆ. ಅದರ ಪರಿಮಳ ತೀರ ಸೌಮ್ಯ, ಬಣ್ಣವೂ ಪೇಲವ. ಆದರೆ ಮಾಂಸವನ್ನು ಕತ್ತರಿಸದೆ ಇಡೀ ಗಟ್ಟಿಯಾಗಿಟ್ಟು ನಿಧಾನವಾಗಿ ಬೇಯಿಸುವಲ್ಲಿ ಅದಕ್ಕೆ ಎದುರಿಲ್ಲ. ಒಂದು ರಾತ್ರಿ ನೆನೆದ ಗಟ್ಟಿಯನ್ನು ಒರೆಸಿ, 130 ಡಿಗ್ರಿಯಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ ಬಿಟ್ಟು, ಕೊನೆಗೆ ಓವನ್ ಏರುವಷ್ಟು ಏರಿಸಿ ಬಣ್ಣ ತರಿಸಿದರೆ, ಒಳಗಿನ ಎಳೆಗಳು ಅಂಚಿನವರೆಗೂ ಒಂದೇ ಸಮನಾಗಿ ತೇವವಾಗಿರುತ್ತವೆ. ಮರುದಿನ ತಣ್ಣಗೆ ತೆಳುವಾಗಿ ಹೆಚ್ಚಿ ತಿಂದರೂ ಅದೇ ಮೃದುತ್ವ ಇರುತ್ತದೆ. ಮಿಸೊ ತುಂಡು ತಣ್ಣಗಾದರೆ ಗಡುಸಾಗುತ್ತದೆ. ಇಲ್ಲಿನ ಓವನ್ ರೇಂಜುಗಳ (ಮೈಕ್ರೋವೇವ್ ಮತ್ತು ಓವನ್ ಒಂದರಲ್ಲೇ ಇರುವ ಒಲೆಗಳ) ಗರಿಷ್ಠ 250 ಡಿಗ್ರಿ ಕೆಲವೇ ನಿಮಿಷ ನಿಂತು ತಾನಾಗಿ ಇಳಿದುಬಿಡುವುದರಿಂದ, ಮಾಂಸವನ್ನು ಹೊರಗೆ ತೆಗೆದಿಟ್ಟು, ಓವನ್ ಪೂರ್ತಿ ಕಾದ ಮೇಲೆ ಮತ್ತೆ ಒಳಗಿಡುವುದು ಮೇಲು.

ಯಾವ ವಿಧಾನವಾದರೂ ಮಾಂಸದ ನಡುವಿಗೆ ಚುಚ್ಚುವ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು, ಏಕೆಂದರೆ ಕೋಜಿ ಮತ್ತು ಮಿಸೊ ಎರಡೂ ಮಾಂಸದ ಬಣ್ಣವನ್ನು ಬದಲಿಸುವುದರಿಂದ ಬೆಂದಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಹಂದಿಮಾಂಸವನ್ನು ಹಸಿಯಾಗಿ ಬಡಿಸುವುದನ್ನು ಜಪಾನ್ 2015ರ ಜೂನ್‌ನಲ್ಲಿ ನಿಷೇಧಿಸಿತು. ಹೆಪಟೈಟಿಸ್ ಇ ವೈರಾಣುವಿನ ಭಯ ಅದಕ್ಕೆ ಮುಖ್ಯ ಕಾರಣ. ಆಗ ನಿಗದಿಯಾದ ಮಾನದಂಡ, ಮಾಂಸದ ನಟ್ಟನಡುವೆ 63 ಡಿಗ್ರಿಯಲ್ಲಿ 30 ನಿಮಿಷ ಅಥವಾ ಅದಕ್ಕೆ ಸಮನಾದ ಶಾಖ. 70 ಡಿಗ್ರಿಯಾದರೆ 3 ನಿಮಿಷ ಸಾಕು, ಮತ್ತು ನಾನು ಅನುಸರಿಸುವುದು ಇದನ್ನೇ.

ಕೊಡಗಿನ ಪಂದಿ ಕರಿ ತಿಂದು ಬೆಳೆದವಳಾದ ನನಗೆ ಈ ಮೂರರಲ್ಲೂ ಒಂದು ಕೊರತೆ ಎದ್ದು ಕಾಣುತ್ತದೆ: ಹುಳಿ ಇಲ್ಲ. ನಮ್ಮಲ್ಲಿ ಬೆಂದ ಮಾಂಸಕ್ಕೆ ಕಾಚಂಪುಳಿ ಬಿದ್ದು ಕೊಬ್ಬಿನ ಜಿಡ್ಡನ್ನು ಕತ್ತರಿಸುತ್ತದೆ, ಇಲ್ಲಿ ಸಿಹಿ ಉಪ್ಪುಗಳೇ ಕೊನೆಯವರೆಗೆ ನಡೆಯುತ್ತವೆ. ಜಪಾನಿಯರು ತಟ್ಟೆಯ ಪಕ್ಕದಲ್ಲಿಡುವ ಕರಾಶಿ ಸಾಸಿವೆಯ ಘಾಟು ಮಿಸೊ ತುಂಡಿಗೆ ಆ ಕೆಲಸವನ್ನು ಬಹುಮಟ್ಟಿಗೆ ಮಾಡಿಕೊಡುತ್ತದೆ. ಶಿಯೊ ಕೋಜಿಯ ಗಟ್ಟಿಗೆ ನಾನು ನಿಂಬೆಹಣ್ಣು ಹಿಂಡುತ್ತೇನೆ.

ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಇದನ್ನು ಮಾಡುವವರು ಮಿಸೊದಿಂದ ಆರಂಭಿಸುವುದು ಸುಲಭ, ಏಕೆಂದರೆ ಫ್ರಿಜ್ಜಿನಲ್ಲಿ ಅದು ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಬೇರೆ ಸಾಮಾನೂ ಹೆಚ್ಚು ಬೇಡ. ಆದರೆ ನಮ್ಮ ಕಡೆ ಹಂದಿಮಾಂಸ ಹೆಚ್ಚಾಗಿ ಚರ್ಮದ ಸಮೇತ ಸಿಗುತ್ತದೆ, ಜಪಾನಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಚರ್ಮ ತೆಗೆದೇ ಮಾರುತ್ತಾರೆ. ಮಿಸೊ ಚರ್ಮವನ್ನು ದಾಟಿ ಒಳಗಿಳಿಯುವುದಿಲ್ಲ, ಓವನ್‌ನ ಇಷ್ಟು ಕಡಿಮೆ ಸಮಯದಲ್ಲಿ ಚರ್ಮ ಬೇಯುವುದೂ ಇಲ್ಲ. ಅದನ್ನು ಕೊಬ್ಬಿನ ತೆಳು ಪದರ ಉಳಿಯುವಂತೆ ತೆಗೆಸಿಕೊಂಡು, ಬೇರೆಯಾಗಿ ಪಂದಿ ಕರಿಗೆ ಇಟ್ಟುಕೊಳ್ಳಬಹುದು. ಚಿಕ್ಕ ಓಟಿಜಿಯಾದರೆ ಮೇಲಿನ ಕಾಯಿಲ್ ಮಾಂಸಕ್ಕೆ ತೀರ ಹತ್ತಿರವಿರುವುದರಿಂದ, ಜಾಲರಿಯನ್ನು ಕೆಳಗಿನ ಸಾಲಿಗೆ ಇಳಿಸಿ, ಮೊದಲ ಹತ್ತು ನಿಮಿಷ ಮೇಲೆ ಫಾಯಿಲ್ ಹೊದಿಸಿ, ಆಮೇಲೆ ತೆಗೆದು ಬಣ್ಣ ಬರುವವರೆಗೆ ಬಿಡಬೇಕು.