ತಣ್ಣನೆಯ ಕಡಲಿನಲ್ಲಿ ಒಲಿಂಪಸ್ ಟಿಜಿ-6: ಎರಡು ಸೆಪ್ಟೆಂಬರ್‌ಗಳ ಬಳಕೆಯ ನಂತರ

ಈ ಕ್ಯಾಮೆರಾದ ಪೆಟ್ಟಿಗೆಯನ್ನು ತುಮಕೂರಿನ ಮನೆಯ ಜಗುಲಿಯಲ್ಲಿ ಬಿಚ್ಚಿದಾಗ ಪಕ್ಕದ ಮನೆಯವರು, "ಬೋರ್‌ವೆಲ್ ನೀರಿಗೂ ಕಾಯೋ ಊರಲ್ಲಿ ನೀರೊಳಗಿನ ಕ್ಯಾಮೆರಾ ಯಾಕೆ ಸಾರ್?" ಎಂದು ಕೇಳಿದ್ದರು. ನಾನು ಇಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು. ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಡೈವಿಂಗ್ ಕಲಿತೆ. ಎಡಿನ್‌ಬರೊದಲ್ಲಿ ನೆಲೆಸಿರುವ ತಂಗಿಯ ಮನೆಗೆ ಹೋದಾಗಲೆಲ್ಲ ಸ್ಕಾಟ್ಲೆಂಡ್‌ನ ಪೂರ್ವ ತೀರದ ಸೇಂಟ್ ಆಬ್ಸ್‌ನಲ್ಲಿ ನೀರಿಗಿಳಿಯುವುದು ಈಗ ರೂಢಿಯಾಗಿದೆ. 2019ರಲ್ಲಿ ಮಾರುಕಟ್ಟೆಗೆ ಬಂದ ಟಿಜಿ-6 ಮತ್ತು ಅದರ ಪಿಟಿ-059 ಹೌಸಿಂಗ್ (ನೀರು ನುಗ್ಗದ ಹೊರಕವಚ) ತಣ್ಣೀರಿನಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಬಣ್ಣದ ಜೀವಿಗಳೆಲ್ಲ ಬೆಚ್ಚಗಿನ ಕಡಲಿನಲ್ಲೇ ಇರುತ್ತವೆ ಎಂದು ನಾನೂ ನಂಬಿದ್ದೆ. 1984ರಿಂದಲೂ ಸ್ವಯಂಪ್ರೇರಿತ ಸಂರಕ್ಷಿತ ಕಡಲ ವಲಯವಾಗಿರುವ ಸೇಂಟ್ ಆಬ್ಸ್‌ನಲ್ಲಿ, ಕೆಥೆಡ್ರಲ್ ರಾಕ್ ಎಂಬ ನೀರೊಳಗಿನ ಕಮಾನಿನ ಗೋಡೆಗಳನ್ನು 'ಸತ್ತವನ ಬೆರಳು' ಎಂಬ ವಿಚಿತ್ರ ಹೆಸರಿನ ಮೃದು ಹವಳವು ಬಿಳಿ ಮತ್ತು ಕಿತ್ತಳೆ ಬಣ್ಣಗಳಲ್ಲಿ ಒಂದಂಗುಲ ಬಿಡದಂತೆ ಹೊದ್ದುಕೊಂಡಿರುವುದನ್ನು ನೋಡಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಆದರೆ ಈ ಸಮೃದ್ಧಿಗೆ ಆಹಾರವಾಗಿರುವ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲಾಂಕ್ಟನ್ನೇ ನೀರನ್ನು ಹಸಿರಾಗಿಸಿ ಮಂಕು ಮಾಡುತ್ತದೆ. ನಾನು ಇಳಿದ ದಿನಗಳಲ್ಲಿ ಆರೇಳು ಮೀಟರ್‌ಗಳಾಚೆ ಏನೂ ಕಾಣುತ್ತಿರಲಿಲ್ಲ. ದೂರದಿಂದ ತೆಗೆದ ಚಿತ್ರವೆಂದರೆ ಪಾಚಿಗಟ್ಟಿದ ಕಲ್ಯಾಣಿಯ ಚಿತ್ರವಾಗುತ್ತದೆ. ಇಲ್ಲಿ ಗೇಣಿನೊಳಗೆ ಹೋಗಿ ತೆಗೆದ ಚಿತ್ರ ಮಾತ್ರ ಚಿತ್ರ.

ಟಿಜಿ-6ರ ನಿಜವಾದ ಬಲವಿರುವುದು ಈ ಗೇಣಿನೊಳಗೆಯೇ. ಅದರ ಮೈಕ್ರೋಸ್ಕೋಪ್ ಮೋಡ್ ಮಸೂರದಿಂದ ಒಂದು ಸೆಂಟಿಮೀಟರ್ ದೂರದಲ್ಲಿರುವ ವಸ್ತುವಿನ ಮೇಲೂ ಫೋಕಸ್ ಮಾಡುತ್ತದೆ. ಚಿಪ್ಪಿಲ್ಲದ ಕಡಲ ಬಸವನಹುಳುವಾದ ನ್ಯೂಡಿಬ್ರಾಂಕ್, ಕಿರುಬೆರಳಿನ ಉಗುರಿನಷ್ಟೇ ಗಾತ್ರದ್ದು, ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಎಲೆಯ ಮೇಲೆ ರಿಬ್ಬನ್‌ನಂತೆ ಸುತ್ತಿಟ್ಟಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಎಣಿಸಬಹುದಾದ ಚಿತ್ರ ನನಗೆ ದೊರೆಯಿತು. ತರಗತಿಯಲ್ಲಿ ಅದನ್ನು ಪರದೆಯ ಮೇಲೆ ಹಾಕಿದಾಗ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಟ್ಟರು. ಹನ್ನೆರಡು ಮೆಗಾಪಿಕ್ಸೆಲ್‌ನ ಪುಟ್ಟ ಸೆನ್ಸರ್‌ನಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ನಿರೀಕ್ಷಿಸುವುದಿಲ್ಲ. ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ 800 ದಾಟಿದರೆ ಚಿತ್ರ ರವೆರವೆಯಾಗುತ್ತದೆ.

ದೊಡ್ಡ ಜೀವಿಗಳ ವಿಷಯದಲ್ಲಿ ಇಷ್ಟು ತೃಪ್ತಿಯಿಲ್ಲ. ಹದಿನೆಂಟು ಮೀಟರ್ ಆಳದ ಬಂಡೆಯ ಸಂದಿಯಲ್ಲಿ ವುಲ್ಫ್‌ಫಿಶ್ ಒಂದು ಮುದಿ ಕಾವಲುಗಾರನಂತೆ ಮುಖವನ್ನಷ್ಟೇ ಹೊರಗಿಟ್ಟು ಕುಳಿತಿತ್ತು. ಏಡಿ ಮತ್ತು ಮುಳ್ಳಿನ ಉಂಡೆಯಂಥ ಸೀ ಅರ್ಚಿನ್‌ಗಳ ಗಟ್ಟಿ ಚಿಪ್ಪನ್ನು ಪುಡಿಮಾಡುವ ಹಲ್ಲುಗಳು ಅದಕ್ಕಿವೆ, ಚಳಿಗೆ ರಕ್ತ ಮಂಜುಗಡ್ಡೆಯಾಗದಂತೆ ಕಾಯುವ ಪ್ರೋಟೀನೂ ಇದೆ. ಮುಖದ ಚಿತ್ರ ಚೆನ್ನಾಗಿಯೇ ಬಂತು. ಆದರೆ ಹೌಸಿಂಗ್‌ನ ಚಪ್ಪಟೆ ಗಾಜಿನ ಮೂಲಕ ನೀರಿನಲ್ಲಿ ನೋಟದ ಹರವು ಕಿರಿದಾಗುವುದರಿಂದ, ಮೀನನ್ನೂ ಅದರ ಬಂಡೆಮನೆಯನ್ನೂ ಒಂದೇ ಚೌಕಟ್ಟಿಗೆ ತರಲು ಆಗಲಿಲ್ಲ. ಹಿಂದೆ ಸರಿದರೆ ಮತ್ತೆ ಅದೇ ಹಸಿರು ಮಂಕು. ಅಗಲ ನೋಟಕ್ಕೆ ಹೊರಗಿನಿಂದ ಸಿಕ್ಕಿಸುವ ಮಸೂರವನ್ನು ಬೇರೆಯಾಗಿಯೇ ಕೊಳ್ಳಬೇಕು. ಶಟರ್ ವೇಗವನ್ನು ನಾವೇ ನಿಗದಿಪಡಿಸುವ ಸೌಲಭ್ಯವೂ ಇದರಲ್ಲಿಲ್ಲ.

ಕೊಳ್ಳುವ ಮುನ್ನ ಯಾರೂ ಹೇಳದ ಸಂಗತಿ ಕೈಗವಸಿನದು. ನೇತ್ರಾಣಿಯಲ್ಲಿ ಬರಿಗೈಯಲ್ಲಿ ಒತ್ತುತ್ತಿದ್ದ ಗುಂಡಿಗಳನ್ನು, ಹದಿಮೂರು ಡಿಗ್ರಿಯ ನೀರಿನಲ್ಲಿ ಐದು ಮಿಲಿಮೀಟರ್ ದಪ್ಪದ ಕೈಗವಸು ತೊಟ್ಟು, ಮರಗಟ್ಟಿದ ಬೆರಳುಗಳಿಂದ ಹುಡುಕುವುದು ಬೇರೆಯೇ ಕಸರತ್ತು. ಶಟರ್ ಒತ್ತುವ ಸನ್ನೆಕೋಲು ದೊಡ್ಡದಾಗಿದ್ದು ಸುಲಭವಾಗಿ ಸಿಗುತ್ತದೆ. ಹಿಂಬದಿಯ ಬಾಣದ ಗುಂಡಿಗಳು ಮಾತ್ರ ಒಂದನ್ನು ಒತ್ತಿದರೆ ಎರಡು ಒತ್ತಿಕೊಳ್ಳುವಷ್ಟು ಹತ್ತಿರದಲ್ಲಿವೆ. ಬೇಕಾದ ಹೊಂದಾಣಿಕೆಗಳನ್ನೆಲ್ಲ ದಡದಲ್ಲೇ ಕಸ್ಟಮ್ ಮೋಡ್‌ನಲ್ಲಿ ಉಳಿಸಿಕೊಂಡು ಇಳಿಯುವುದೇ ನಾನು ಕಂಡುಕೊಂಡ ಉಪಾಯ.

ಮೊದಲ ವರ್ಷದ ಒಂದು ಇಡೀ ಡೈವ್ ನನ್ನದೇ ತಪ್ಪಿನಿಂದ ಹಾಳಾಯಿತು. ಒದ್ದೆ ಬಟ್ಟೆಗಳು ಒಣಗುತ್ತಿದ್ದ ಬೆಚ್ಚಗಿನ ಕೋಣೆಯಲ್ಲಿ ಕುಳಿತು ಹೌಸಿಂಗ್ ಮುಚ್ಚಿದ್ದೆ. ಒಳಗೆ ಸೇರಿದ್ದ ತೇವದ ಗಾಳಿ ತಣ್ಣೀರು ತಾಕಿದೊಡನೆ ಗಾಜಿನ ಮೇಲೆ ಹನಿಗಟ್ಟಿ, ನಲವತ್ತು ನಿಮಿಷವೂ ಮಂಜೇ ಚಿತ್ರವಾಯಿತು. ಈಗ ತಂಪಾದ ಒಣ ಜಾಗದಲ್ಲಿ ಮುಚ್ಚುತ್ತೇನೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಡುತ್ತೇನೆ. ಚಳಿಗೆ ಬ್ಯಾಟರಿಯೂ ಬೇಗ ಸೊರಗುವುದರಿಂದ ಪ್ರತಿ ಡೈವ್‌ಗೂ ಪೂರ್ತಿ ಚಾರ್ಜ್ ಆದದ್ದನ್ನೇ ಹಾಕುತ್ತೇನೆ.

ಬೆಳಕಿನ ಖರ್ಚನ್ನು ಬಜೆಟ್‌ನಲ್ಲಿ ಮೊದಲೇ ಸೇರಿಸಿಕೊಳ್ಳಿ. ಕೆಂಪು ಬಣ್ಣವನ್ನು ನೀರು ಮೊದಲ ಕೆಲವು ಮೀಟರ್‌ಗಳಲ್ಲೇ ನುಂಗಿಬಿಡುತ್ತದೆ. ಕ್ಯಾಮೆರಾದ ಸ್ವಂತ ಫ್ಲಾಶ್ ಮಸೂರದ ಪಕ್ಕದಲ್ಲೇ ಇರುವುದರಿಂದ ನೀರಿನ ಕಣಗಳು ಹೊಳೆದು ಹಿಟ್ಟು ಎರಚಿದಂತೆ ಕಾಣುತ್ತದೆ. ತೋಳಿಗೆ ಸಿಕ್ಕಿಸಿದ ದೀಪವೊಂದನ್ನು ಓರೆಯಾಗಿ ಬಿಟ್ಟ ಮೇಲೆಯೇ ಹವಳದ ಕಿತ್ತಳೆ ಬಣ್ಣ ನನಗೆ ಸಿಕ್ಕಿದ್ದು.

ಹೌಸಿಂಗ್ ಇಲ್ಲದೆ ಕ್ಯಾಮೆರಾ 15 ಮೀಟರ್‌ಗಳವರೆಗೆ, ಹೌಸಿಂಗ್‌ನೊಂದಿಗೆ 45 ಮೀಟರ್‌ಗಳವರೆಗೆ ತಾಳುತ್ತದೆ. ನೇತ್ರಾಣಿಯಲ್ಲಿ ಈಜುವಷ್ಟಕ್ಕೆ ಬರಿಯ ಕ್ಯಾಮೆರಾ ಸಾಕು. ತಣ್ಣೀರಿನ ಡೈವಿಂಗ್‌ಗೆ ಹೌಸಿಂಗ್ ಇಲ್ಲದೆ ಇದನ್ನು ಕೊಳ್ಳಬೇಡಿ. 2023ರಲ್ಲಿ ಇದರ ಉತ್ತರಾಧಿಕಾರಿ ಟಿಜಿ-7 ಬಂದಿದೆ, ಅದಕ್ಕೂ ಇದೇ ಹೌಸಿಂಗ್ ಹೊಂದುತ್ತದೆ. ಹಳೆಯದನ್ನು ಕೊಟ್ಟು ಅದನ್ನು ಕೊಳ್ಳುವ ಬದಲು ಆ ಹಣದಲ್ಲಿ ಎರಡನೆಯ ದೀಪವೊಂದನ್ನು ಕೊಳ್ಳಲಿದ್ದೇನೆ.