ಲಿಂಗನಮಕ್ಕಿ ಹಿನ್ನೀರಿನ ಒಣ ನೆಲ ನಂಬಿ ನಡೆಯಬೇಡಿ

ಬೇಸಿಗೆ ಬಂತು ಅಂದ್ರೆ ಶರಾವತಿಯ ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿರುವ ಮಡೆನೂರಿನ ಹಳೇ ಹಿರೇಭಾಸ್ಕರ ಡ್ಯಾಂ ನೀರಿಂದ ಮೇಲೆದ್ದ ಫೋಟೋಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ಹಿಂದೆಯೇ ‘ಹಿನ್ನೀರಿನ ದಂಡೆ ಟ್ರೆಕ್ಕಿಂಗ್’ ಅಂತ ಜಾಹೀರಾತು. ಅಂಥದ್ದೊಂದಕ್ಕೆ ದುಡ್ಡು ಕಟ್ಟಿ ಮೇ ತಿಂಗಳಲ್ಲಿ ಮನೆಯವರೆಲ್ಲ ಹೋಗಿದ್ದೆವು. ಈ ಸಲ ಹೊರಟವರು ದಯವಿಟ್ಟು ಇದನ್ನು ಓದಿ.

ಗೈಡ್ ಅಂತ ಬಂದ ಹುಡುಗ ಆ ಕಡೆಯವನೇ ಅಲ್ಲ. ಮೊಬೈಲ್ ಮ್ಯಾಪ್ ನೋಡುತ್ತಾ ನಡೆಯುತ್ತಿದ್ದ. ಸುತ್ತು ಹಾಕಿದರೆ ಹೊತ್ತಾಗುತ್ತೆ, ಅಡ್ಡ ಹಾಯೋಣ ಎಂದ. ನೆಲ ಬಿರುಕು ಬಿಟ್ಟು ಒಣಗಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಕ್ಕನ ಮಗನ ಕಾಲು ಸೀದಾ ಒಳಗಿಳಿಯಿತು. ಮೊದಲು ಮೊಣಕಾಲು. ಕಿತ್ತುಕೊಳ್ಳಲು ಒದ್ದಾಡಿದಷ್ಟೂ ತೊಡೆ ತನಕ. ಆ ಗೈಡ್ ಬಳಿ ಒಂದು ಹಗ್ಗವೂ ಇರಲಿಲ್ಲ.

1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಮುಳುಗಿದ ಗದ್ದೆ, ಹಳ್ಳಗಳು ಇವು. ಪ್ರತಿ ಮಳೆಗಾಲ ಹೂಳು ಬಂದು ತುಂಬುತ್ತದೆ, ತಗ್ಗಿನಲ್ಲಂತೂ ಜಾಸ್ತಿ. ಡ್ಯಾಂ ಭರ್ತಿ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ನೀರು ತುಂಬ ಕೆಳಗಿಳಿದಾಗ ಮೇಲಿನ ಪದರ ಮಾತ್ರ ಒಣಗಿ ಚಕ್ಕೆ ಕಟ್ಟುತ್ತದೆ. ಅಡಿಯಲ್ಲಿ ಹುದುಲು ಹಾಗೇ ಇರುತ್ತದೆ. ಮೇಲಿಂದ ನೋಡಿದರೆ ಗೊತ್ತೇ ಆಗಲ್ಲ.

ಪುಣ್ಯಕ್ಕೆ ಅಲ್ಲೇ ಮೇಲೆ ದನ ಮೇಯಿಸುತ್ತಿದ್ದ ಅಜ್ಜ ಓಡಿಬಂದರು. “ಹಾರಾಡ್ಬ್ಯಾಡ ತಮಾ, ಹಿಂದಕ್ಕೆ ಮಲಗು” ಅಂತ ಕೂಗಿದರು. ಬೇಲಿಯ ಅಡಿಕೆ ದಬ್ಬೆ ಕಿತ್ತು ತಂದು ಹಾಸಿ, ಅದರ ಮೇಲೆ ಬೋರಲು ಮಲಗಿ, ಹುಡುಗನ ಕಂಕುಳಿಗೆ ಟವೆಲ್ ಸುತ್ತಿ ನಿಧಾನಕ್ಕೆ ಎಳೆದರು. ಒಂದು ಶೂ ಒಳಗೇ ಉಳಿಯಿತು. ಮಗು ಉಳಿಯಿತಲ್ಲ, ಸಾಕು. ಕೈಗೆ ದುಡ್ಡು ಕೊಡಲು ಹೋದರೆ ಅಜ್ಜ ಮುಟ್ಟಲಿಲ್ಲ. “ದನದ ಹೆಜ್ಜೆ ಇದ್ದಲ್ಲಿ ಮಾತ್ರ ಕಾಲಿಡಿ. ದನ ಹೋಗದ ಕಡೆ ನೀವೂ ಹೋಗಬೇಡಿ” ಅಂದರು.

ಟ್ರೆಕ್ಕಿಂಗ್ ನಡೆಸುವವರಿಗೆ ಫೋನ್ ಮಾಡಿದರೆ “ಫಾರಂಗೆ ಸಹಿ ಹಾಕಿದ್ದೀರಲ್ವಾ?” ಎಂದರು. ಆಮೇಲೆ ಫೋನೇ ಎತ್ತಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಹೀಗಾ ಮಾತಾಡೋದು?

ಹಿನ್ನೀರು ನೋಡಬೇಕಂದ್ರೆ 2025ರ ಜುಲೈನಲ್ಲಿ ಉದ್ಘಾಟನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇದೆ. ದಾಟುವಾಗ ಎರಡೂ ಕಡೆ ಹಿನ್ನೀರೇ. ನಡೆಯಲೇಬೇಕು ಅನ್ನುವವರು ದುಡ್ಡು ಕಟ್ಟುವ ಮೊದಲು ಕೇಳಿ: ಗೈಡ್ ಯಾವ ಊರಿನವನು? ಹಗ್ಗ ಇರುತ್ತಾ? ದಾರಿ ಶರಾವತಿ ಕಣಿವೆ ಅಭಯಾರಣ್ಯದ ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಎಲ್ಲಿ? ಉತ್ತರ ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡಿ.