ಗಂಡನ ಕುಡಿತ ಬಿಡಿಸಲು ಶಿಬಿರವೋ, ಜಿಲ್ಲಾಸ್ಪತ್ರೆಯೋ?

ದಾವಣಗೆರೆ ಕಡೆ ಯಜಮಾನರ ಕುಡಿತ ಕೈಮೀರಿದಾಗ ಸಾಮಾನ್ಯವಾಗಿ ಎರಡು ಸಲಹೆ ಬರುತ್ತವೆ. ಒಂದು, ಧರ್ಮಸ್ಥಳ ಯೋಜನೆಯವರು ಊರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರ. ಇನ್ನೊಂದು, ಚಿಗಟೇರಿ ಜಿಲ್ಲಾಸ್ಪತ್ರೆ.

ಮೊದಲು ಅವರನ್ನು ಬೆಳಿಗ್ಗೆ ಗಮನಿಸಿ. ಕುಡಿಯದೆ ಚಹಾ ಲೋಟ ಹಿಡಿದರೆ ಕೈ ನಡುಗಿ ಅಂಗಿ ಮೇಲೆ ಚೆಲ್ಲುತ್ತಾ? ಬೆವರು, ವಾಂತಿ, ನಿದ್ದೆಯಿಲ್ಲದ ಒದ್ದಾಟ ಇದೆಯಾ? ಹಾಗಿದ್ದರೆ ಆಸ್ಪತ್ರೆಯೇ ಮೊದಲು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ 2 ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಂಡಂತಾಗಿ ಬಡಬಡಿಸಬಹುದು. ಇದು ಜೀವಕ್ಕೇ ಅಪಾಯ. ಡಾಕ್ಟರು ನಡುಕ ತಗ್ಗಿಸುವ ಮಾತ್ರೆ, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ನಿಗಾ ಇಡುತ್ತಾರೆ. ಕಣ್ಣು ಹಳದಿಯಾಗಿ ಹೊಟ್ಟೆ ಊದಿದ್ದರಂತೂ ಲಿವರ್ ಪರೀಕ್ಷೆ ಮುಂದೂಡಬೇಡಿ. ರಕ್ತ ವಾಂತಿಯಾದರೆ ತಕ್ಷಣ 108.

ಶಿಬಿರದ ಬಲ ಬೇರೆ. ತಮ್ಮಂಥವರ ಜೊತೆ ಕೆಲವು ದಿನ ಅಲ್ಲೇ ಇರುತ್ತಾರೆ. ಮುಗಿದ ಮೇಲೂ ಕುಡಿತ ಬಿಟ್ಟವರ ನವಜೀವನ ಸಮಿತಿಯ ಒಡನಾಟ ಇರುತ್ತದೆ. ಆಸ್ಪತ್ರೆಯ ಗಡಿಬಿಡಿಯಲ್ಲಿ ಅದು ಸಿಗೋದು ಕಷ್ಟ ಅಲ್ವಾ? ನಡುಕ ಇಲ್ಲದವರಿಗೆ ಶಿಬಿರ ಸಾಕಾಗಬಹುದು. ಇದ್ದವರಿಗೆ ಆಸ್ಪತ್ರೆ ಮುಗಿಸಿ ಶಿಬಿರ ಅನ್ನೋದು ನನ್ನ ಅಭಿಪ್ರಾಯ.

ಯಾರೋ ಹೇಳಿದರೆಂದು ಸಾರಿನಲ್ಲಿ ಗುಟ್ಟಾಗಿ ಮಾತ್ರೆ ಬೆರೆಸೋದು ಮಾತ್ರ ಬೇಡವೇ ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಅವರು ಎಲ್ಲಿಗೂ ಬರಲ್ಲ ಅಂದರೆ ನೀವೊಬ್ಬರೇ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಹೊಡೆತ ಬಡಿತ ಇದ್ದರೆ ಮಕ್ಕಳನ್ನು ಕರೆದುಕೊಂಡು ಮೊದಲು ತವರಿಗೋ ನಂಬಿಕೆಯವರ ಮನೆಗೋ ಹೋಗಿ. 181 ಮಹಿಳಾ ಸಹಾಯವಾಣಿ.